ಏಪ್ರಿಲ್ 8ಕ್ಕೆ ಹುಟ್ಟಿದ ಹಾಡುಗಾರರು ಹಲವರು, ಅರ್ಧ ಉಸಿರಿನಲ್ಲೇ ಹಾಡಿದವರು ಇಬ್ಬರು

ಕಲಬುರಗಿ/ಕಮಲಾಪುರ: ನಮ್ಮ ಕಡೆ ಹಿರಿಯರ ಆಧಾರ್ ಕಾರ್ಡ್ ತೆಗೆದು ನೋಡಿದ್ರೆ ಅರ್ಧ ಊರು ಜೂನ್ 1ಕ್ಕೇ ಹುಟ್ಟಿದಂಗೆ ಕಾಣುತ್ತದೆ. ಶಾಲೆಗೆ ಹೆಸರು ಹಚ್ಚುವಾಗ ಮಾಸ್ತರರು ಬರೆದ ತಾರೀಖು ಅದು. ಖರೇ ಹುಟ್ಟಿದ ದಿನ ಯಾವುದು ಅಂತ ಕೇಳಿದರೆ, ಬರಗಾಲದ ವರ್ಷ, ತೊಗರಿ ರಾಶಿ ಟೈಮು, ಶರಣಬಸವೇಶ್ವರ ಜಾತ್ರೆಯ ಮರುದಿನ ಅಂತ ಹೇಳ್ತಾರೆ.

ಆದರೆ ದಾಖಲೆಯಲ್ಲಿ ಸರಿಯಾಗಿ ಬರೆದಿಟ್ಟ ಹುಟ್ಟುದಿನಗಳಲ್ಲೂ ಸೋಜಿಗ ಇರುತ್ತದೆ. ಯಾವುದಾದರೂ ಅಂಗಡಿಯ ಉದ್ರಿ ಖಾತೆಯಲ್ಲಿ 23 ಹೆಸರು ಇದ್ದರೆ ಸಾಕು, ಅದರಲ್ಲಿ ಇಬ್ಬರ ಹುಟ್ಟುದಿನ ಒಂದೇ ಆಗಿರುವ ಸಾಧ್ಯತೆ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಇದು ಪವಾಡ ಅಲ್ಲ, ಬರೀ ಲೆಕ್ಕ. ಹೀಗಾಗಿ ಜಗತ್ತಿನ ಹಾಡುಗಾರರನ್ನೆಲ್ಲ ತಾರೀಖಿನ ಪ್ರಕಾರ ಸಾಲಾಗಿ ನಿಲ್ಲಿಸಿದರೆ ಒಂದೊಂದು ದಿನಕ್ಕೂ ಒಂದೊಂದು ಗುಂಪು ಸಿಗುತ್ತದೆ.

ಏಪ್ರಿಲ್ 8ರ ಗುಂಪು ಮಾತ್ರ ಭಾರಿ ಮಜವಾಗಿದೆ. ಆ ದಿನ ನಮ್ಮ ಹುಡುಗರ ಮೊಬೈಲ್ ಸ್ಟೇಟಸ್ ತುಂಬ ಅಲ್ಲು ಅರ್ಜುನ್ ಇರುತ್ತಾರೆ, ಅವರು ಹುಟ್ಟಿದ್ದೂ ಅದೇ ದಿನ, 1982ರಲ್ಲಿ. ಅವರು ನಟ, ಅದು ಬೇರೆ ಮಾತು. ಸಂಗೀತದವರನ್ನು ನೋಡೋಣ. ಹಿಂದಿಯ ‘ದೇವ್ ಡಿ’ ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ಪಡೆದ ಸಂಗೀತ ನಿರ್ದೇಶಕ ಅಮಿತ್ ತ್ರಿವೇದಿ ಹುಟ್ಟಿದ್ದು 1979ರ ಏಪ್ರಿಲ್ 8ಕ್ಕೆ, ಮುಂಬೈನಲ್ಲಿ. ಬೀಟಲ್ಸ್ ತಂಡದ ಜಾನ್ ಲೆನನ್ ಅವರ ಮಗ, ತಾನೂ ಹಾಡುಗಾರನಾದ ಜೂಲಿಯನ್ ಲೆನನ್ 1963ರಲ್ಲಿ ಅದೇ ದಿನ. ಬಾಯಿಯಿಂದಲೇ ಡೋಲು ತಾಳ ಎಲ್ಲ ಹೊರಡಿಸುತ್ತಿದ್ದ ನ್ಯೂಯಾರ್ಕಿನ ರ‍್ಯಾಪ್ ಹಾಡುಗಾರ ಬಿಜ್ ಮಾರ್ಕಿ 1964ರಲ್ಲಿ. ‘ಯೆಸ್’ ಅನ್ನುವ ರಾಕ್ ತಂಡದ ಗಿಟಾರ್ ವಾದಕ ಸ್ಟೀವ್ ಹೋವ್ 1947ರಲ್ಲಿ. ಬಿಬಿಸಿಯ ದೊಡ್ಡ ವಾದ್ಯವೃಂದ ಕಟ್ಟಿದ ಏಡ್ರಿಯನ್ ಬೋಲ್ಟ್ 1889ರಲ್ಲಿ. ಅಮೆರಿಕದ ಜಾಝ್ ಗಾಯಕಿ ಕಾರ್ಮೆನ್ ಮೆಕ್ರೇ ಕೂಡ ಏಪ್ರಿಲ್ 8ರವರೇ.

ಈ ಸಾಲಿನಲ್ಲಿ ನಮ್ಮ ನಾಡಿನ ಒಬ್ಬರಿದ್ದಾರೆ. ಹೆಸರು ಶಿವಪುತ್ರ ಸಿದ್ಧರಾಮಯ್ಯ ಕೊಂಕಾಳಿಮಠ. ಕೇಳಿದ ಕೂಡಲೇ ಪಕ್ಕದ ಓಣಿಯ ಅಯ್ಯನವರ ಹೆಸರು ಇದ್ದಂಗಿದೆ. ಜಗತ್ತು ಅವರನ್ನು ಕರೆದದ್ದು ಪಂಡಿತ ಕುಮಾರ ಗಂಧರ್ವ ಅಂತ.

ಸುಳೇಭಾವಿಯ ಹುಡುಗ

1924ರ ಏಪ್ರಿಲ್ 8ರಂದು ಬೆಳಗಾವಿ ಹತ್ತಿರದ ಸುಳೇಭಾವಿಯಲ್ಲಿ ಅವರು ಹುಟ್ಟಿದರು. ಅದೇ ವರ್ಷದ ಕೊನೆಗೆ ಬೆಳಗಾವಿಯಲ್ಲಿ ಗಾಂಧೀಜಿ ಅಧ್ಯಕ್ಷತೆಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆಯಿತು. ಆಗ ಬೆಳಗಾವಿ ಮುಂಬೈ ಪ್ರಾಂತ್ಯದಲ್ಲಿತ್ತು, ನಮ್ಮ ಕಲಬುರಗಿ ನಿಜಾಮರ ಕೈಯಲ್ಲಿತ್ತು. ಭಾಷೆ ಒಂದೇ ಆದರೂ ರಾಜ್ಯ ಬೇರೆ ಬೇರೆ.

ತಂದೆ ಸಿದ್ಧರಾಮಯ್ಯನವರಿಗೆ ಹಾಡಿನ ಹುಚ್ಚು. ತಾವೂ ಹಾಡುತ್ತಿದ್ದರು, ಸವಾಯಿ ಗಂಧರ್ವರ ಹಾಡು ಅಂದ್ರೆ ಪ್ರಾಣ. ಮನೆಯಲ್ಲಿ ಗ್ರಾಮಫೋನ್ ತಟ್ಟೆಗಳು ತಿರುಗುತ್ತಿದ್ದ ಕಾಲ ಅದು. ಒಂದು ದಿನ ಸಣ್ಣ ಹುಡುಗ ಶಿವಪುತ್ರ ತಟ್ಟೆಯಲ್ಲಿದ್ದ ದೊಡ್ಡ ಗವಾಯಿಗಳ ಹಾಡನ್ನು ಇದ್ದದ್ದು ಇದ್ದಂಗೆ ಹಾಡಿ ತೋರಿಸಿದ. ತಾನ ಎಲ್ಲಿ ಏರುತ್ತದೆ, ಎಲ್ಲಿ ತಿರುಗುತ್ತದೆ, ಎಲ್ಲಿ ಉಸಿರು ತೆಗೆದುಕೊಳ್ಳುತ್ತಾರೆ, ಒಂದೂ ಬಿಡಲಿಲ್ಲ. ರಾಗದ ಹೆಸರು ಗೊತ್ತಿರದ ಹುಡುಗ ರಾಗ ಹಾಡುತ್ತಿದ್ದ.

ಮಠದ ಸ್ವಾಮಿಗಳೊಬ್ಬರು ಇದನ್ನು ಕೇಳಿ ಹುಡುಗನಿಗೆ ಕುಮಾರ ಗಂಧರ್ವ ಅಂತ ಬಿರುದು ಕೊಟ್ಟರು. ಆಮೇಲೆ ಆ ಬಿರುದೇ ಹೆಸರಾಗಿ ನಿಂತಿತು. ತಂದೆ ಮಗನನ್ನು ಊರೂರಿಗೆ ಕರೆದುಕೊಂಡು ಹೋದರು. ಹತ್ತು ಹನ್ನೊಂದು ವರ್ಷದ ಹುಡುಗ ಉತ್ತರ ಭಾರತದ ದೊಡ್ಡ ಸಮ್ಮೇಳನಗಳಲ್ಲಿ ಹಾಡಿ ಬಹುಮಾನ ಗೆದ್ದ. ಸಭೆ ಚಪ್ಪಾಳೆ ಹೊಡೆಯಿತು, ಪತ್ರಿಕೆಗಳು ಬರೆದವು.

ಆದರೆ ನಕಲು ಎಷ್ಟೇ ಛಲೋ ಇದ್ದರೂ ನಕಲೇ. ಟಿವಿ ರಿಯಾಲಿಟಿ ಶೋದಲ್ಲಿ ಗೆದ್ದ ಮಕ್ಕಳು ಎರಡು ವರ್ಷಕ್ಕೆ ಕಾಣದಂಗೆ ಆಗುವುದನ್ನು ನಾವು ನೋಡಿದ್ದೇವೆ. ಈ ಹುಡುಗನಿಗೂ ಅದೇ ಗತಿ ಆಗಬಹುದಿತ್ತು. 1936ರ ಹೊತ್ತಿಗೆ ಅವನು ಮುಂಬೈಯ ಪ್ರೊಫೆಸರ್ ಬಿ.ಆರ್. ದೇವಧರ್ ಅವರ ಸಂಗೀತ ಶಾಲೆ ಸೇರಿದ್ದು ಆ ಗತಿಯನ್ನು ತಪ್ಪಿಸಿತು. ದೇವಧರ್ ವಿಷ್ಣು ದಿಗಂಬರ ಪಲುಸ್ಕರ್ ಅವರ ಶಿಷ್ಯರು. ಒಂದೇ ಘರಾಣೆಗೆ ಕಟ್ಟುಬಿದ್ದವರಲ್ಲ. ಎಲ್ಲಿ ಒಳ್ಳೆಯದು ಸಿಕ್ಕರೂ ಕಲಿಯುತ್ತಿದ್ದರು, ಪಾಶ್ಚಾತ್ಯ ಸಂಗೀತವನ್ನೂ ಓದಿಕೊಂಡಿದ್ದರು. ಹುಡುಗನಿಗೆ ಅವರು ಕಲಿಸಿದ್ದು ಮುಖ್ಯವಾಗಿ ಒಂದು: ಹಾಡುವುದು ಹೆಂಗೆ ಅನ್ನುವುದರ ಜೊತೆ, ಹಂಗೇ ಯಾಕೆ ಹಾಡಬೇಕು ಅಂತ ಕೇಳಿಕೊಳ್ಳುವುದು.

ಇಪ್ಪತ್ತು ದಾಟುವ ಹೊತ್ತಿಗೆ ಕುಮಾರರು ದೇಶದಲ್ಲಿ ಹೆಸರು ಮಾಡಿದ್ದರು. ಶಾಲೆಯಲ್ಲೇ ಕಲಿತಿದ್ದ, ಕರಾಚಿ ಕಡೆಯ ಭಾನುಮತಿ ಅವರ ಜೊತೆ 1947ರಲ್ಲಿ ಮದುವೆ ಆಯಿತು. ಅದೇ ಹೊತ್ತಿಗೆ ಎದೆಯಲ್ಲಿ ಕೆಮ್ಮು ಶುರುವಾಯಿತು.

ಹಾಡಬಾರದು ಅಂದ್ರು ಡಾಕ್ಟರ್

ಕ್ಷಯ. ಆಗ ಅದರ ಹೆಸರು ಕೇಳಿದ್ರೆ ಮನೆಯವರು ಅಳುತ್ತಿದ್ದರು. ಸ್ಟ್ರೆಪ್ಟೋಮೈಸಿನ್ ಅನ್ನುವ ಔಷಧ ಅಮೆರಿಕದಲ್ಲಿ 1943ರಲ್ಲಿ ಪತ್ತೆಯಾಗಿದ್ದರೂ ಇಲ್ಲಿ ಸಾಮಾನ್ಯರ ಕೈಗೆ ಸಿಗುತ್ತಿರಲಿಲ್ಲ. ಇದ್ದ ಚಿಕಿತ್ಸೆ ಅಂದ್ರೆ ಒಣ ಹವೆ, ಒಳ್ಳೆ ಊಟ, ಮಂಚದ ಮೇಲೆ ಮಲಗುವುದು. ಮುಂಬೈಯ ಸಮುದ್ರದ ಹಸಿ ಗಾಳಿ ಆಗುವುದಿಲ್ಲ ಅಂತ ವೈದ್ಯರು ಹೇಳಿದರು. ಹಾಡಂತೂ ಪೂರ್ತಿ ಬಂದ್.

ಗಾಂಧೀಜಿ ಹತ್ಯೆಯಾದ 1948ರ ಜನವರಿ ತಿಂಗಳಲ್ಲೇ ಗಂಡ ಹೆಂಡತಿ ಮಧ್ಯಪ್ರದೇಶದ ಮಾಳವ ಸೀಮೆಯ ದೇವಾಸ್ ಅನ್ನುವ ಸಣ್ಣ ಊರಿಗೆ ಬಂದರು. ಊರ ನಡುವೆ ಒಂದು ಗುಡ್ಡ, ಅದರ ಮೇಲೆ ದೇವಿ ಗುಡಿ. ಗುಡ್ಡದ ಬುಡದ ಕಡೆ ಮನೆ. ಬೆಳಗಾವಿಯೂ ದೂರ, ಮುಂಬೈಯೂ ದೂರ, ಬಂಧುಬಳಗ ಇಲ್ಲ. ಭಾನುಮತಿ ಶಾಲೆಯಲ್ಲಿ ಕಲಿಸಿ ಮನೆ ನಡೆಸಿದರು, ಗಂಡನ ಆರೈಕೆಯನ್ನೂ ಮಾಡಿದರು. ತಾವೂ ಹಾಡುಗಾರ್ತಿ ಆಗಿದ್ದವರು ತಮ್ಮ ಹಾಡನ್ನು ಬದಿಗಿಟ್ಟರು. ಕುಮಾರ ಗಂಧರ್ವರ ಕತೆ ಹೇಳುವವರು ಈ ಹೆಣ್ಣುಮಗಳ ದುಡಿಮೆಯನ್ನು ಒಂದು ಸಾಲಿನಲ್ಲಿ ಮುಗಿಸಿಬಿಡುತ್ತಾರೆ. ಅವರು ಇರದಿದ್ದರೆ ಮುಂದಿನ ಕತೆಯೇ ಇರುತ್ತಿರಲಿಲ್ಲ.

ಐದಾರು ವರ್ಷ ಹೀಗೇ ಹೋಯಿತು. ಇಪ್ಪತ್ತನಾಲ್ಕರಿಂದ ಇಪ್ಪತ್ತೊಂಬತ್ತರವರೆಗಿನ ವಯಸ್ಸು, ಒಬ್ಬ ಗಾಯಕನಿಗೆ ಧ್ವನಿ ಕಸುವಿನಲ್ಲಿರುವ ಕಾಲ. ಅಂಗಡಿಗೆ ಬೀಗ ಹಾಕಿ ಐದು ದೀಪಾವಳಿ ಕಳೆದರೆ ಗಿರಾಕಿ ಉಳಿಯುತ್ತಾರಾ? ಸಭೆಗಳು ಬೇರೆ ಹಾಡುಗಾರರನ್ನು ಹುಡುಕಿಕೊಂಡವು. ಇವರು ಮುಗಿದರು ಅಂತ ಬಹಳ ಮಂದಿ ತಿಳಿದರು.

ಕಿಟಕಿಯಿಂದ ಬಂದ ಹಾಡು

ಹಾಡಬಾರದು ಅಂದಿದ್ದರು, ಕೇಳಬಾರದು ಅಂದಿರಲಿಲ್ಲ. ಮಂಚದ ಮೇಲೆ ಮಲಗಿದವರ ಕಿವಿಗೆ ಕಿಟಕಿಯಿಂದ ಎಲ್ಲ ಬೀಳುತ್ತಿತ್ತು. ಹಕ್ಕಿ ಸದ್ದು, ಗಾಳಿ, ಗುಡ್ಡಕ್ಕೆ ಹೋಗುವವರ ಮಾತು. ಮದುವೆಗೆ, ಮಳೆಗೆ, ತೊಟ್ಟಿಲಿಗೆ, ಬಿತ್ತನೆಗೆ ಮಾಳವದ ಹೆಣ್ಣುಮಕ್ಕಳು ಹಾಡುವ ಹಾಡು. ಕೈಯಲ್ಲಿ ಏಕತಾರಿ ಹಿಡಿದು ಮನೆಮನೆಗೆ ಬರುವ ನಾಥಪಂಥದ ಜೋಗಿಗಳು ಹಾಡುವ ಕಬೀರನ ಪದ.

ಮುಂಬೈಯ ಸಭೆಗಳಲ್ಲಿ ಇಂಥ ಹಾಡಿಗೆ ಬೆಲೆ ಇರಲಿಲ್ಲ. ಅದು ಹಳ್ಳಿ ಮಂದಿಯದು, ಶಾಸ್ತ್ರೀಯ ಅಲ್ಲ ಅಂತ ಪಕ್ಕಕ್ಕೆ ತಳ್ಳುತ್ತಿದ್ದರು. ಮಲಗಿದಲ್ಲೇ ಕೇಳುತ್ತಾ ಕುಮಾರರಿಗೆ ಬೇರೆಯೇ ಹೊಳೆಯಿತು. ಈ ಹಾಡುಗಳು ಮೂರು ನಾಲ್ಕು ಸ್ವರದಲ್ಲೇ ಮುಗಿಯುತ್ತವೆ. ಆದರೂ ಒಂದೊಂದಕ್ಕೂ ತನ್ನದೇ ಚಹರೆ ಇದೆ. ದೊಡ್ಡ ದೊಡ್ಡ ರಾಗಗಳು ಹುಟ್ಟಿದ್ದೇ ಇಂಥ ಸಣ್ಣ ಧಾಟಿಗಳಿಂದ ಇರಬೇಕು. ಅಂದ್ರೆ ಹಳ್ಳಿ ಹಾಡು ಶಾಸ್ತ್ರೀಯ ಸಂಗೀತದ ಬಡ ತಮ್ಮ ಅಲ್ಲ, ಅದರ ತಾಯಿ.

ಕಮಲಾಪುರದ ಬಾಳೆ ಬೆಳೆಗಾರರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಜಿಐ ಮಾನ್ಯತೆ ಬಂದ ಕೆಂಪು ಬಾಳೆ ದೊಡ್ಡ ಪೇಟೆಯಲ್ಲಿ ಎಷ್ಟೇ ರೇಟಿಗೆ ಹೋಗಲಿ, ಅದರ ರುಚಿ ಇರೋದು ಇಲ್ಲಿಯ ಮಣ್ಣಲ್ಲಿ. ಗೊನೆ ಕಡಿದ ಮೇಲೆ ಬಾಳೆ ಮತ್ತೆ ಏಳೋದೂ ಬುಡದ ಮರಿಯಿಂದಲೇ.

ಅವರು ಸುಮ್ಮನೆ ಕೇಳಿ ಬಿಡಲಿಲ್ಲ. ಚೇತರಿಸಿಕೊಳ್ಳುತ್ತಾ ನೂರಾರು ಮಾಳವಿ ಹಾಡುಗಳನ್ನು ಸ್ವರ ಹಾಕಿ ಬರೆದಿಟ್ಟರು. ಅವುಗಳ ಧಾಟಿಯಿಂದ ಹೊಸ ರಾಗಗಳನ್ನೇ ಎಬ್ಬಿಸಿದರು. ಮಾಲವತಿ, ಲಗನಗಾಂಧಾರ, ಸಂಜಾರಿ, ಸಹೇಲಿ ತೋಡಿ ಹೀಗೆ ಬಂದ ರಾಗಗಳು. ಮುಂದೆ ಗಾಂಧೀಜಿ ಹೆಸರಿನಲ್ಲಿ ಗಾಂಧಿ ಮಲ್ಹಾರ ಅನ್ನುವ ರಾಗವನ್ನೂ ಕಟ್ಟಿದರು.

1953: ಎರಡು ಊರು, ಎರಡು ಶುರು

1952ರ ಸುಮಾರಿಗೆ ಸ್ಟ್ರೆಪ್ಟೋಮೈಸಿನ್ ಸಿಕ್ಕಿತು. ಜೀವ ಉಳಿಯಿತು. ಆದರೆ ಒಂದು ಶ್ವಾಸಕೋಶ ಕೆಲಸಕ್ಕೆ ಬಾರದಂಗೆ ಆಗಿತ್ತು. 1953ರಲ್ಲಿ ಅವರು ಮತ್ತೆ ಸಭೆಯ ಮುಂದೆ ಕುಳಿತರು.

ಹಿಂದೂಸ್ತಾನಿ ಖಯಾಲ್ ಅಂದ್ರೆ ಉಸಿರಿನ ಆಟ. ಒಂದೇ ಉಸಿರಿಗೆ ಉದ್ದ ತಾನ ಎಳೆದರೆ ಸಭೆ ತಲೆದೂಗುತ್ತದೆ. ಅರ್ಧ ಉಸಿರು ಇದ್ದವರು ಏನು ಮಾಡಬೇಕು? ಕುಮಾರರು ಉದ್ದಕ್ಕೆ ಎಳೆಯುವುದನ್ನು ಬಿಟ್ಟರು. ಸಣ್ಣ ಸಣ್ಣ ತುಣುಕು, ಚಾಟಿ ಬೀಸಿದಂಗೆ ಚುರುಕು. ಒಂದು ಸ್ವರ ಏರಿಸಿ ಥಟ್ಟನೆ ನಿಲ್ಲಿಸುವುದು. ನಿಲ್ಲಿಸಿದ ಮೇಲಿನ ಮೌನವನ್ನೂ ಹಾಡಿನ ಭಾಗ ಮಾಡುವುದು. ಅವರಿಗೆ ಅದು ಅನಿವಾರ್ಯ ಆಗಿತ್ತು, ಆದರೆ ಕೇಳುವವರಿಗೆ ಅದು ಹೊಸ ದಾರಿಯಾಗಿ ಕಂಡಿತು.

ಅದೇ 1953ರಲ್ಲಿ ಬೆಲ್ಜಿಯಂ ದೇಶದ ಒಬ್ಬ ಯುವಕ ಬ್ರಸೆಲ್ಸ್‌ನಲ್ಲಿದ್ದ ಮನೆತನದ ರಟ್ಟಿನ ಕಾರ್ಖಾನೆಯ ಕೆಲಸ ಬಿಟ್ಟು, ಹಾಡುಗಾರ ಆಗ್ತೀನಿ ಅಂತ ಪ್ಯಾರಿಸ್‌ಗೆ ಹೋದ. ಹೆಸರು ಜಾಕ್ ಬ್ರೆಲ್. ಹುಟ್ಟಿದ್ದು 1929ರ ಏಪ್ರಿಲ್ 8. ಮುಂದೆ ಫ್ರೆಂಚ್ ಭಾಷೆಯ ಬಹು ದೊಡ್ಡ ಹಾಡುಗಾರ ಆದ. ವೇದಿಕೆ ಮೇಲೆ ಬೆವರು ಸುರಿಸಿ, ಮೈಯೆಲ್ಲ ಹಾಡಾಗಿ ಹಾಡುತ್ತಿದ್ದ. 1960ರ ದಶಕದ ಕೊನೆಗೆ ಹೆಸರಿನ ತುದಿಯಲ್ಲಿದ್ದಾಗಲೇ ಸಂಗೀತ ಪ್ರವಾಸ ಸಾಕು ಅಂತ ನಿಲ್ಲಿಸಿಬಿಟ್ಟ.

1974ರಲ್ಲಿ ಅವನಿಗೆ ಶ್ವಾಸಕೋಶದ ಕ್ಯಾನ್ಸರ್ ಅಂತ ತಿಳಿಯಿತು. ಶಸ್ತ್ರಚಿಕಿತ್ಸೆ ಮಾಡಿ ಎಡ ಶ್ವಾಸಕೋಶದ ಭಾಗ ತೆಗೆದರು. ಪೆಸಿಫಿಕ್ ಸಮುದ್ರದ ನಡುವಿನ ಹಿವಾ ಓವಾ ದ್ವೀಪದಲ್ಲಿ ಹೋಗಿ ನೆಲೆಸಿದ. ಸಣ್ಣ ವಿಮಾನ ಓಡಿಸಿ ದ್ವೀಪದವರಿಗೆ ಟಪಾಲು ತಂದುಕೊಟ್ಟ. 1977ರಲ್ಲಿ ಪ್ಯಾರಿಸ್‌ಗೆ ವಾಪಸ್ ಬಂದು, ಉಳಿದ ಉಸಿರಿನಲ್ಲೇ ಕೊನೆಯ ಆಲ್ಬಂ ಹಾಡಿದ. 1978ರ ಅಕ್ಟೋಬರ್ 9ರಂದು, 49ನೇ ವಯಸ್ಸಿನಲ್ಲಿ ತೀರಿಹೋದ.

ಸುಳೇಭಾವಿಗೂ ಬ್ರಸೆಲ್ಸ್‌ಗೂ ಸಂಬಂಧ ಇಲ್ಲ. ಒಬ್ಬರದು ತಂಬೂರಿ, ಇನ್ನೊಬ್ಬರದು ಗಿಟಾರ್ ಮತ್ತು ಪಿಯಾನೊ ಜೊತೆಗಿನ ಹಾಡು. ತಾರೀಖು ಒಂದೇ ಆಗಿದ್ದು ಲೆಕ್ಕದ ಮಾತು, ರಾಶಿ ನಕ್ಷತ್ರದ ಮಾತಲ್ಲ.  ಆದರೆ ಈ ಇಬ್ಬರೂ ಹಾಡಿಗೆ ಬೇಕಾದ ಮುಖ್ಯ ಬಂಡವಾಳವನ್ನೇ ಕಳೆದುಕೊಂಡು, ಮಿಕ್ಕಿದ್ದರಲ್ಲಿ ವ್ಯಾಪಾರ ನಡೆಸಿದರು.

ನಿರ್ಗುಣದ ಹಾಡು, ನಮ್ಮ ತತ್ವಪದ

ದೇವಾಸಿನ ಜೋಗಿಗಳಿಂದ ಕೇಳಿದ ಕಬೀರನ ನಿರ್ಗುಣ ಪದಗಳನ್ನು ಕುಮಾರರು ದೊಡ್ಡ ಸಭೆಗೆ ತಂದರು. ರೂಪ ಇಲ್ಲದ, ಗುಣ ಇಲ್ಲದ ದೇವರನ್ನು ಕುರಿತ ಹಾಡು ಅವು. ಬಿಕ್ಷೆಗೆ ಬಂದವರ ಹಾಡು ಅಂತ ಮೂಗು ಮುರಿಯುತ್ತಿದ್ದವರೇ ಟಿಕೆಟ್ ತೆಗೆದು ಕುಳಿತು ಕೇಳಿದರು. ಕಬೀರ, ಸೂರದಾಸ, ಮೀರಾ ಮೂವರ ಪದ ಸೇರಿಸಿ ತ್ರಿವೇಣಿ ಅನ್ನುವ ಕಾರ್ಯಕ್ರಮ ಮಾಡಿದರು. ತುಕಾರಾಮರ ಅಭಂಗ ಹಾಡಿದರು. ಮಳೆಗಾಲದ ಹಾಡುಗಳದ್ದೇ ಒಂದು ಕಾರ್ಯಕ್ರಮ ಕಟ್ಟಿದರು. ತಾವು ರಚಿಸಿದ ಬಂದಿಶ್‌ಗಳನ್ನು ಸೇರಿಸಿ ‘ಅನೂಪರಾಗವಿಲಾಸ’ ಅನ್ನುವ ಪುಸ್ತಕವನ್ನು 1965ರಲ್ಲಿ ತಂದರು.

ಕಲಬುರಗಿ ಸೀಮೆಯವರಿಗೆ ಈ ಹಾಡಿನ ಜಾತಿ ಹೊಸದಲ್ಲ. ಕಡಕೋಳ ಮಡಿವಾಳಪ್ಪನವರ ತತ್ವಪದ, ಚನ್ನೂರ ಜಲಾಲಸಾಹೇಬರ ತತ್ವಪದ ಹಾಡುವ ಭಜನಿ ಮೇಳಗಳು ನಮ್ಮ ಹಳ್ಳಿಗಳಲ್ಲಿ ಇವೆ. ಅಮಾವಾಸ್ಯೆ ರಾತ್ರಿ ಏಕತಾರಿ, ದಮ್ಮಡಿ, ತಾಳ ಹಿಡಿದು ಕುಳಿತರೆ ಬೆಳಗಾಗುತ್ತದೆ. ಹೊಲದಲ್ಲಿ ದುಡಿದು ಬಂದವರು, ಅಂಗಡಿ ಮುಚ್ಚಿ ಬಂದವರು, ಹಿಂದೂ ಮುಸ್ಲಿಂ ಅನ್ನದೆ ಕೂಡಿ ಹಾಡುತ್ತಾರೆ. ಬಂದೇನವಾಜ್ ದರ್ಗಾದ ಉರುಸಿನ ಕವ್ವಾಲಿ ಕೂಡ ಇದೇ ಬಳಗದ ಹಾಡು. ಗುರು ಬೇಕು, ಅಹಂಕಾರ ಬೇಡ, ಈ ದೇಹ ನಿಲ್ಲುವುದಿಲ್ಲ ಅನ್ನುವುದೇ ಎಲ್ಲದರ ತಿರುಳು.

ಮಾಳವದ ಜೋಗಿಗಳಿಗೆ ಒಬ್ಬ ರೋಗಿ ಕಿಟಕಿ ಹಿಂದಿಂದ ಕಿವಿಗೊಟ್ಟ. ನಮ್ಮ ಮೇಳಗಳ ಹಿರಿಯರಿಗೆ ಈಗ ಕಿವಿಗೊಡುವವರು ಯಾರು ಅನ್ನುವುದು ದೊಡ್ಡ ಪ್ರಶ್ನೆ. ಎಷ್ಟೋ ಪದ ಬಾಯಿಂದ ಬಾಯಿಗೆ ಬಂದವು, ಪುಸ್ತಕದಲ್ಲಿ ಅಕ್ಷರ ಸಿಕ್ಕರೂ ಧಾಟಿ ಸಿಗುವುದಿಲ್ಲ. ಹಾಡುವ ಅಜ್ಜ ಹೋದರೆ ಧಾಟಿಯೂ ಹೋಯಿತು. ಆಗ ಕುಮಾರರು ಕೈಯಿಂದ ಬರೆದು ಉಳಿಸಿದರು. ಈಗ ಪ್ರತಿಯೊಬ್ಬರ ಕಿಸೆಯಲ್ಲೂ ರೆಕಾರ್ಡ್ ಮಾಡುವ ಫೋನ್ ಇದೆ.

ಟೀಕೆ, ದುಃಖ, ಗೌರವ

ಎಲ್ಲರೂ ಅವರನ್ನು ಒಪ್ಪಲಿಲ್ಲ. ಘರಾಣೆ ಕಟ್ಟು ಮುರಿದವರು, ರಾಗದ ಶಿಸ್ತು ಬಿಟ್ಟವರು ಅಂತ ಹಳೆ ಗವಾಯಿಗಳಲ್ಲಿ ಕೆಲವರು ಜರೆದರು. ಗುರು ಹಾಡಿದ್ದನ್ನು ಶಿಷ್ಯ ಹಾಗೇ ಹಾಡಿದರೆ ಅದು ಪರಂಪರೆ ಅಲ್ಲ, ಬರೀ ನಕಲು ಅನ್ನುವುದು ಕುಮಾರರ ನಿಲುವಾಗಿತ್ತು. ಸಣ್ಣ ವಯಸ್ಸಿನಲ್ಲೇ ನಕಲಿಗೆ ಚಪ್ಪಾಳೆ ಗಿಟ್ಟಿಸಿದವರಿಗೆ ಅದರ ಮಿತಿ ಬೇರೆಯವರಿಗಿಂತ ಚೆನ್ನಾಗಿ ಗೊತ್ತಿತ್ತು.

ಮನೆಯಲ್ಲೂ ಸುಖ ಪೂರ್ತಿ ಇರಲಿಲ್ಲ. 1961ರಲ್ಲಿ ಎರಡನೇ ಮಗನ ಹೆರಿಗೆ ಸಮಯದಲ್ಲಿ ಭಾನುಮತಿ ತೀರಿಕೊಂಡರು. ಬದುಕಿಸಿದವರೇ ಹೋದರು. ದೇವಾಸಿನ ಮನೆ ಅವರ ನೆನಪಿನಲ್ಲಿ ‘ಭಾನುಕುಲ’ ಆಯಿತು. ಮುಂದೆ ದೇವಧರ್ ಅವರ ಶಿಷ್ಯೆಯೇ ಆದ ವಸುಂಧರಾ ಅವರನ್ನು ಕುಮಾರರು ಮದುವೆಯಾದರು. ಎಷ್ಟೋ ಧ್ವನಿಮುದ್ರಣಗಳಲ್ಲಿ ಕುಮಾರರ ಜೊತೆ ಕೇಳುವ ಹೆಣ್ಣು ಧ್ವನಿ ಅವರದ್ದೇ. ಮಗ ಮುಕುಲ್ ಶಿವಪುತ್ರ ಹಾಡುಗಾರರಾದರು, ಅಪ್ಪನ ಕನ್ನಡ ಹೆಸರು ಅವರ ಹೆಸರಿನ ಜೊತೆ ಉಳಿಯಿತು. ಮಗಳು ಕಲಾಪಿನಿ ಕೊಂಕಾಳಿ ಕೂಡ ಹಾಡುಗಾರ್ತಿ. ಕೊಂಕಾಳಿಮಠದಲ್ಲಿ ಮಠ ಬಿಟ್ಟುಹೋಯಿತು, ಕೊಂಕಾಳಿ ನಿಂತಿತು.

1977ರಲ್ಲಿ ಪದ್ಮಭೂಷಣ, 1990ರಲ್ಲಿ ಪದ್ಮವಿಭೂಷಣ ಬಂತು. 1992ರ ಜನವರಿ 12ರಂದು ದೇವಾಸಿನಲ್ಲೇ ಕುಮಾರರು ತೀರಿಕೊಂಡರು. ಆಗ ಅವರಿಗೆ 67 ವರ್ಷ. ಇಪ್ಪತ್ನಾಲ್ಕಕ್ಕೆ ಮುಗಿದರು ಅಂದುಕೊಂಡಿದ್ದವರು ಆಮೇಲೆ ಸುಮಾರು ನಲವತ್ತು ವರ್ಷ ಹಾಡಿದ್ದರು.

2014ರಲ್ಲಿ ಅಂಚೆ ಇಲಾಖೆ 8 ಜನ ಸಂಗೀತಗಾರರ ಅಂಚೆಚೀಟಿ ತಂದಾಗ ಅದರಲ್ಲಿ 4 ಜನ ಕನ್ನಡ ನಾಡಿನವರು: ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ ಮತ್ತು ಕುಮಾರ ಗಂಧರ್ವ. ಮೊದಲ ಮೂವರು ಧಾರವಾಡ, ಹುಬ್ಬಳ್ಳಿ, ಗದಗ ಅಂತ ನಮ್ಮ ಬಾಯಲ್ಲಿ ಉಳಿದರು. ಕುಮಾರರು ಕನ್ನಡದವರು ಅನ್ನುವುದೇ ಬಹಳ ಜನಕ್ಕೆ ಗೊತ್ತಿಲ್ಲ. ದುಡಿಯೋಕೆ ಅಂತ ಕಲಬುರಗಿ ಸ್ಟೇಷನ್ನಿನಿಂದ ಮುಂಬೈ, ಪುಣೆ ರೈಲು ಹತ್ತಿ ಅಲ್ಲೇ ಉಳಿದ ನಮ್ಮವರ ಹಂಗೆ, ಇವರೂ ಹೋದ ಊರಿನವರೇ ಆಗಿಬಿಟ್ಟರು.

ಕೆಮ್ಮಿನ ಬಗ್ಗೆ ಒಂದು ಮಾತು

ಕುಮಾರರ ಕಾಲದಲ್ಲಿ ಕ್ಷಯಕ್ಕೆ ಊರು ಬಿಡಬೇಕಾಗಿತ್ತು, ಔಷಧಕ್ಕೆ ವರ್ಷಗಟ್ಟಲೆ ಕಾಯಬೇಕಾಗಿತ್ತು. ಈಗ ಹಾಗಿಲ್ಲ. ಎರಡು ವಾರ ದಾಟಿದ ಕೆಮ್ಮು, ಸಂಜೆ ಜ್ವರ, ತೂಕ ಇಳಿಯುವುದು ಕಂಡರೆ ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಉಚಿತ, ಔಷಧವೂ ಉಚಿತ. ಸಾಮಾನ್ಯ ಕ್ಷಯಕ್ಕೆ ಆರು ತಿಂಗಳ ಚಿಕಿತ್ಸೆ. ಎರಡು ತಿಂಗಳಿಗೆ ಮೈ ಹಗುರ ಆಯ್ತು ಅಂತ ಗುಳಿಗೆ ಬಿಟ್ಟರೆ ರೋಗ ಮತ್ತೆ ಎದ್ದು ಬರುತ್ತದೆ, ಆಗ ಅದೇ ಔಷಧ ನಾಟುವುದಿಲ್ಲ. ಗಲ್ಲೆ ಮೇಲೆ ಕುಳಿತು ತಿಂಗಳಾನುಗಟ್ಟಲೆ ಕೆಮ್ಮುತ್ತಾ, ಧೂಳಿನ ಕೆಮ್ಮು ಅಂತ ಸಿರಪ್ ಕುಡಿಯುವವರು ಇದನ್ನು ಗಮನಿಸಬೇಕು.

ಕುಮಾರರ ಹಾಡು ಕೇಳಬೇಕು ಅನ್ನುವವರಿಗೆ ಮೊಬೈಲಿನಲ್ಲೇ ಎಲ್ಲ ಸಿಗುತ್ತದೆ. ರಾಗ ಗೊತ್ತಿಲ್ಲದವರು ಮೊದಲು ಕಬೀರನ ನಿರ್ಗುಣ ಭಜನೆಗಳಿಂದ ಶುರು ಮಾಡಬಹುದು. ಹಿಂದಿ ಶಬ್ದ ಪೂರ್ತಿ ತಿಳಿಯದಿದ್ದರೂ ಅಡ್ಡಿಯಿಲ್ಲ. ಅಮಾವಾಸ್ಯೆ ಭಜನಿಯಲ್ಲಿ ಒಮ್ಮೆಯಾದರೂ ಕುಳಿತವರಿಗೆ ಧಾಟಿ ಗುರುತು ಸಿಗುತ್ತದೆ. ಕೇಳುವಾಗ ಅವರು ಎಲ್ಲಿ ನಿಲ್ಲಿಸುತ್ತಾರೆ ಅನ್ನುವುದನ್ನು ಗಮನಿಸಿ. ಅಲ್ಲಿ ಉಸಿರು ತೆಗೆದುಕೊಳ್ಳುತ್ತಿದ್ದಾರೆ.